ನೆನಪಿಗೆ ಒಂದು ಅಂಕ

ಬುಧವಾರ ರಾತ್ರಿ, ವೈಯಾಲಾ. ಮೊಯ್ರಾಳ ಗ್ಯಾರೇಜು.
ಕಾರು ಹೊರಗೆ, ನಾವು ಒಳಗೆ.
ಉಕ್ಕಿನ ಕಾರ್ಖಾನೆಯ ಕೆಂಧೂಳು ಕಿಟಕಿಗೆ ಹತ್ತಿದೆ,
ಒರೆಸಿದರೆ ಇನ್ನಷ್ಟು ಹರಡುತ್ತದೆ.
ಮೇಜಿನ ಮೇಲೆ ಭೂಪಟ, ಮೂಲೆಗೊಂದರಂತೆ
ನಾಲ್ಕು ಚಹಾದ ಲೋಟ, ಹಾರದಿರಲಿ ಅಂತ.

ಆಟದಲ್ಲಿ ನಾನು ಪಳಗಿಸುವವಳು.
ನನ್ನದೊಂದು ಕಿರುಬ:
ಬೆನ್ನುಹುರಿ ತಾಮ್ರ, ಎಡಗಣ್ಣು ಗಾಜು,
ದವಡೆಗೆ ಹಳೇ ಹಡಗು ಒಡೆಯುವ ಯಂತ್ರ.
ಹೆಸರಿಟ್ಟಿಲ್ಲ. ಹೆಸರಿಗೆ ಬೇರೆ ಅಂಕ ತೆರಬೇಕು.

ನಿಯಮ ಮೊಯ್ರಾಳದೇ,
ಮೂವತ್ತು ವರ್ಷ ಕ್ರೇನ್ ನಡೆಸಿದವಳ ದಪ್ಪಕ್ಷರದಲ್ಲಿ:
ಪ್ರಾಣಿ ಮಾತು ಕೇಳಿದಾಗಲೆಲ್ಲ
ಹಿಡಿತಕ್ಕೆ ಒಂದು ಕೂಡು, ನೆನಪಿನಿಂದ ಒಂದು ಕಳೆ.
ನೆನಪು ಸೊನ್ನೆಯಾದ ಮೇಲೆ ದಾಳ ಬೇಕಿಲ್ಲ.
ಅಂದದ್ದು ಮಾಡುತ್ತದೆ.

ಎಂಟರಲ್ಲಿ ಶುರುವಾಗಿತ್ತು.
ಕಾವಲುಗಾರನಿಗೆ ಒಂದು ಹೋಯಿತು, ಸೇತುವೆಗೆ ಎರಡು,
ಟ್ರೆಂಟ್‌ನ ಜೀವ ಉಳಿಸಲು ಮೂರು
(ಅವನಿನ್ನೂ ಥ್ಯಾಂಕ್ಸ್ ಅಂದಿಲ್ಲ).
ಒಂದು ಸುಮ್ಮನೆ ಕಳೆದೆ,
ಕೂರು ಅಂದರೆ ಕೂರುತ್ತದೋ ನೋಡೋಣವೆಂದು.
ಕೂತಿತು.
ಅದೊಂದೇ ರಾತ್ರಿ ಮಗ್ಗುಲು ಬದಲಿಸಿದಾಗ ಚುಚ್ಚುತ್ತದೆ.

ಹಗಲು ನಾನು ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ.
ಉಸಿರು ಎಳೆಯಿರಿ. ಹಿಡಿಯಿರಿ. ಅಲುಗಬೇಡಿ. ಬಿಡಿ.
ಕುಲುಮೆಯ ಮುಂದೆ ನಿಲ್ಲುವ ಗಟ್ಟಿ ಗಂಡಸರೂ ಕೇಳುತ್ತಾರೆ.
ತೊಡೆಗೆ ಕೂರಿಸಿದ ಸ್ಕ್ರೂ
ಮೂಳೆಗಿಂತ ಬೆಳ್ಳಗೆ ಕಾಣುತ್ತದೆ, ಯಾವಾಗಲೂ.

'ಉಳಿದಿರೋದು ಒಂದೇ. ಏನದು ನೆನಪು?'
ಮೊಯ್ರಾ ಪುಸ್ತಕ ತಿರುವಲಿಲ್ಲ, ಕನ್ನಡಕ ತೆಗೆದಳು.
'ಒಂದು ಬಿಲ. ಕತ್ತಲು. ಯಾರೋ ತಮ್ಮ
ಇದರ ಕಿವಿ ಕಚ್ಚುತ್ತಿದ್ದಾನೆ.'
'ಬಾಗಿಲು ಒಡೆಸು ಮಾರಾಯ್ತಿ,' ಹುಯೆನ್ ಅಂದಳು,
'ಎರಡು ನಿಮಿಷಕ್ಕಾಗುವಷ್ಟೇ ಗಾಳಿ ಇದೆ.'

ನಾನು ಪೆನ್ಸಿಲ್ ಕೆಳಗಿಟ್ಟೆ.
ಆಜ್ಞೆ ಇಲ್ಲ, ಅಂದೆ. ಕೊರಳಪಟ್ಟಿ ಆರಿಸ್ತೀನಿ.
ಅದರಿಷ್ಟ.
ಟ್ರೆಂಟ್ ಹಣೆ ಚಚ್ಚಿಕೊಂಡ.
ಹನ್ನೆರಡು ಬಿದ್ದರೆ ತಾನಾಗಿ ಬರುತ್ತದಂತೆ,
ಬೇರೇನು ಬಿದ್ದರೂ ನಾಲ್ಕೂ ಹೆಣ.

ಎರಡು ದಾಳ. ಒಂದು, ಆರು.
ಇನ್ನೊಂದು ಮೇಜಿನಂಚು ದಾಟಿ ಕೆಳಗುರುಳಿತು.
ಅಲ್ಲಿ ಮೊಯ್ರಾಳ ಮುದಿ ಕೆಲ್ಪಿ,
ಹದಿನಾಲ್ಕು ವರ್ಷ, ಎರಡೂ ಕಿವಿ ಕಿವುಡು,
ಲಬಕ್ಕನೆ ಬಾಯಿಗೆ ಹಾಕಿಕೊಂಡಿತು.

ನಾಲ್ವರೂ ಸಿಮೆಂಟಿನ ಮೇಲೆ ಮಂಡಿಯೂರಿದೆವು.
ಡ್ರಾಪ್ ಇಟ್. ಗುಡ್ ಗರ್ಲ್. ಬಿಸ್ಕತ್ತು ನೋಡು. ಚೀಸು.
ನಾನು 'ಬಿಡೇ' ಅಂದೆ,
ನಮ್ಮಮ್ಮ ನನ್ನ ಬಾಯಿಂದ ಬಳಪ ತೆಗೆಸುತ್ತಿದ್ದ ದನಿಯಲ್ಲಿ.
ನಾಯಿ ನನ್ನ ಮುಖವನ್ನೇ ನೋಡಿತು.
ಬಾಲ ಒಮ್ಮೆ ನೆಲಕ್ಕೆ ಬಡಿಯಿತು.
ಬಿಡಲಿಲ್ಲ.

ಹಲ್ಲಿನ ನಡುವೆ ಕಟಕಟ,
ಕಡಿದಷ್ಟು ಸಲವೂ ಸಂಖ್ಯೆ ಬದಲಾಗುತ್ತಿರಬೇಕು.
ಮೇಲೆ ಭೂಪಟದಲ್ಲಿ ಗಾಳಿ ಮುಗಿಯುತ್ತಿತ್ತು.
'ಅದು ಉಗುಳೋ ತನಕ ಯಾರೂ ಸತ್ತಿಲ್ಲ,'
ಅಂದ ಮೊಯ್ರಾ ನೆಲದ ಮೇಲೇ ಕಾಲು ಚಾಚಿ
ತನ್ನ ಲೋಟ ಕೊಡಲು ಹೇಳಿದಳು.
ಕೊಟ್ಟೆವು. ಭೂಪಟದ ಒಂದು ಮೂಲೆ
ಮೆಲ್ಲಗೆ ಸುರುಳಿ ಸುತ್ತಿಕೊಂಡಿತು.