ದೊಡ್ಡದು ಮಾಡುವುದು

ಚಳ್ಳಕೆರೆ ದಾಟಿದ ಮೇಲೆ, ಕಾವಲಿನ ಹುಲ್ಲಿನ ನಡುವೆ
ಯಾರೋ ಒಂದೇ ಗೀಟೆಳೆದು ಮರೆತಂತಿರುವ ನಮ್ಮ ರನ್‌ವೇ.
ಇಳಿದೆ. ಮೂರು ಸಲ ಪುಟಿದೆ, ಅದು ಬೇರೆ ಮಾತು.
ತಗಡಿನ ಶೆಡ್ಡಿನ ಮುಂದೆ ಗಾಳಿಗೆ ಮೂತಿ ಕೊಟ್ಟು ನಿಲ್ಲಿಸಿ
ಕೀಲಿಗೆ ಕೈ ಹಾಕಿದೆ, ಸ್ಕೂಟರಿನ ಅಭ್ಯಾಸ.

ಎಂಜಿನ್ನಿನ ದನಿ ಕೇಳಲೆಂದೇ ಪಕ್ಕದಲ್ಲಿ ಕೂತು ಬಂದಿದ್ದ ಪಾಲಯ್ಯ
ನನ್ನ ಮಣಿಕಟ್ಟಿಗೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದ.
"ತಡಿಯವ್ವ. ಕೀಲಿ ಆಮ್ಯಾಕೆ.
ಕಿಡಿ ಕಿತ್ಕಂಡ್ರೆ ಪೆಟ್ರೋಲು ಒಳಗೇ ಉಳೀತೈತೆ.
ಬಾಯಾಗೆ ತುತ್ತಿಟ್ಕಂಡಿರೋ ಮಗೀನ
ಹಂಗೇ ಮಲಗಿಸ್ತಾರೇನು ಯಾರಾನ?"

ಸಾವಿರ ಸುತ್ತಿಗೆ ಇಳಿಸಿ ಕಾದೆವು.
ಶಾಖದ ಮುಳ್ಳು, ಎಮ್ಮೆ ಕೆರೆಗಿಳಿದ ಹಾಗೆ,
ತನಗೆ ತೋಚಿದಷ್ಟು ನಿಧಾನ.
ರೇಡಿಯೋ ಬಂದ್. ದೀಪಗಳು ಬಂದ್.
ಎಡ ಮ್ಯಾಗ್ನೆಟೊ, ಬಲ ಮ್ಯಾಗ್ನೆಟೊ,
ಜೋಡೆತ್ತಿನಲ್ಲಿ ಯಾವುದು ಕುಂಟುತ್ತದೆಂದು
ಕಣ್ಣು ಮುಚ್ಚಿ ಕೇಳಿದ.
ದುರ್ಗದ ಕಡೆಯ ಗುಡ್ಡದ ಮೇಲೆ ಗಾಳಿಯಂತ್ರಗಳು
ನಮ್ಮ ಹಂಗಿಲ್ಲದೆ ತಿರುಗುತ್ತಿದ್ದವು.

ಹತ್ತೊಂಬತ್ತು ವರ್ಷ ಶೇಂಗಾ ಮಿಲ್ಲಿನ ಡೀಸೆಲ್ ಎಂಜಿನ್ ಕಾದವನು.
ಒಂದು ಬುಧವಾರ, ಪಾಳಿಯ ನಡುವೆ,
ಗುಮಾಸ್ತ ಬಂದು ಒಂದೇ ಏಟಿಗೆ ನಿಲ್ಲಿಸಿಬಿಟ್ಟನಂತೆ.
ಸಾಹುಕಾರರು ಮಾರಿದ್ದಾರೆ, ಮನೆಗೆ ಹೋಗಿ.
ಬೆಲ್ಟು ಇನ್ನೂ ಜೋಲಾಡುತ್ತಿತ್ತು,
ಗಾಣದ ಬಾಯಲ್ಲಿ ಅರೆದೂ ಅರೆಯದ ಕಾಳು.
ವಾರದೊಳಗೆ ಬೀದಿಯ ತುದಿಗೂ ಕಮಟು ವಾಸನೆ.
"ಈಗ್ಲೂ ಬತ್ತೈತೆ," ಅಂದ, ಮೂಗು ಒರೆಸಿಕೊಂಡು,
"ಕೆಂಪು ಗುಬುಟು ಎಳಿ. ಬಾವಿಯಿಂದ ತುಂಬಿದ ಕೊಡ ಎಳೆದಂಗೆ.
ಚೆಲ್ಲಬಾರದು."

ಎಳೆದೆ.
ಇಳಿಯುತ್ತದೆ ಅಂದುಕೊಂಡಿದ್ದೆ, ಏರಿತು!
ಸಾವಿರದ ಇಪ್ಪತ್ತು, ಸಾವಿರದ ಐವತ್ತು,
ಹಸಿದ ಗಳಿಗೆಯಲ್ಲೇ ಮುಳ್ಳು ಒಮ್ಮೆ ತಲೆ ಎತ್ತಿತು.

ಚಿಮಣಿ ಆರಿಸಲಾ ಎಂದರೆ ಬಾಯಿಗೆ ಬಡಿಯುತ್ತಿದ್ದಳು ಅಜ್ಜಿ:
ದೀಪ ದೊಡ್ಡದು ಮಾಡಲಾ ಅನ್ನು, ಮುಂಡೇದೆ!
ಶಕುನಕ್ಕೆ ಹೇಳುತ್ತಿದ್ದಾಳೆಂದು ನಾವು ನಗುತ್ತಿದ್ದೆವು.
ಎಣ್ಣೆ ತೀರಿದ ಬತ್ತಿಯನ್ನು
ಎಷ್ಟು ರಾತ್ರಿ ನೋಡುತ್ತ ಕೂತಿದ್ದಳೋ.

ಆಮೇಲೆ ಕೆಮ್ಮಿಲ್ಲ, ಒದೆತವಿಲ್ಲ.
ಅಷ್ಟು ಹೊತ್ತೂ ಬರೀ ಮಬ್ಬಾಗಿದ್ದದ್ದಕ್ಕೆ
ಎರಡು ಅಲಗು ಬಂದವು,
ಒಂದರ ಅಂಚಿಗೆ ಮೆತ್ತಿಕೊಂಡ ಮಿಡತೆಯ ಕಾಲು.

"ಈಗ ಕೀಲಿ."
ಕೀಲಿ ತೆಗೆದೆ. ಮಾಸ್ಟರ್ ಕೆಳಗೆ.
ಗೈರೋ ಒಂದು ಮಾತ್ರ ಹಲಗೆಯ ಹಿಂದೆ ಕೊಂಯ್‌ಗುಟ್ಟುತ್ತಿತ್ತು,
ಸುದ್ದಿ ಇನ್ನೂ ತಲುಪದ ದೂರದ ನೆಂಟನಂತೆ.

ಇಳಿದು, ಮಿಡತೆಯ ಕಾಲು ಬಿಡಿಸಲು ಹೊರಟವಳ
ತೋಳು ಹಿಡಿದು ಎಳೆದ, ಈ ಸಲ ಮೆಲ್ಲಗಲ್ಲ.
"ನಿಂತೈತೆ ಅಂತ ನಂಬಬ್ಯಾಡ.
ಎಲ್ಲೋ ಒಂದು ವೈರು ಬಿಟ್ಟಿದ್ರೆ, ಒಂದು ತೊಟ್ಟು ಉಳಿದಿದ್ರೆ,
ನೀನು ಮುಟ್ಟಿದ್ದೇ ನೆಪ."
ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು.
ರೆಕ್ಕೆಯ ಸುತ್ತು ಬಳಸಿ ನಡೆದೆವು.

ಶೆಡ್ಡಿನಿಂದ ಕಂಬಳಿ ತಂದ, ಕುರುಬರ ಕರಿ ಕಂಬಳಿ,
ಮೂತಿಗೆ ಹೊದಿಸಲು, ಕಾವಲಿನ ಧೂಳು ತಡೆಯಲು.
ಹೊದಿಸಲಿಲ್ಲ. ತೋಳ ಮೇಲೆ ಹಾಕಿಕೊಂಡು ನಿಂತೇ ಇದ್ದ.
ಬಿಸಿ ಲೋಹ ಚಿಟ್, ಚಿಟ್ ಅನ್ನುತ್ತಿತ್ತು.

"ಇನ್ನೂ ಏನೋ ಹೇಳ್ತಾ ಐತೆ," ಅಂದ ಪಾಲಯ್ಯ,
"ಮುಗೀಲಿ."