ಗಾಡಿ ಖಾಲಿ ಮಾಡಿದ ದಿನ

ಶಾಲಿಗೆ ಸೂಟಿ ಬಿಟ್ಟ ಮರುದಿನಾನ
ಹದಿಮೂರು ಸೀಟಿನ ನಟ್ಟು ಬಿಚ್ಚತಾನ ನನ್ನ ಗಂಡ,
ಬಿಬವೇವಾಡಿಯ ಸೊಸೈಟಿ ಹಿಂದ, ಗ್ವಾಡಿ ನೆರಳಿನ್ಯಾಗ.
ಇನ್ನೂ ಎಂಟು ಹೊಡದಿಲ್ಲ, ತಗಡು ಆಗಲೇ ಕಾದದ.

ಹನ್ನೊಂದು ತಿಂಗಳ ಇದು ಹಳದಿ ಸ್ಕೂಲ್ ವ್ಯಾನು:
ಹೊಡಿಯಾಂವ ಅವ, ಹುಡುಗರನ್ನ ಹತ್ತಿಸಿ ಇಳಿಸಾಕಿ ನಾ.
ಮೇ ಒಂದು ತಿಂಗಳ ನಮ್ಮ ಮನಿ.
ಹಲಗಿ ಹಾಸಿ, ಗಾದಿ ಉರುಳಿಸಿ, ಕಿಟಕಿಗೆ ಹಳೇ ಸೀರಿ ಕಟ್ಟಿ
ತಾಮ್ಹಿಣಿ ಘಾಟ್ ಇಳದು ಸಮುದ್ರದ ದಂಡಿಗುಂಟ
ದಿವೇಆಗರ, ಶ್ರೀವರ್ಧನ, ನಿದ್ದಿ ಬಂದಲ್ಲಿ ಊರು.

ಮೊದಲ ತೆಗೀಬೇಕು.

ಸೀಟಿನ ಕೆಳಗ ಏನಿಲ್ಲ ಹೇಳ್ರಿ:
ಕಚ್ಚಿದ ರಬ್ಬರು, ಒಂದ ಕಾಲಿನ ಸಾಕ್ಸು,
ಟಿಫಿನ್ ಮುಚ್ಚಳ ನಾಕು, ಡಬ್ಬಿ ಒಂದೂ ಇಲ್ಲ.
ಕಲ್ಲಾಗಿ ಹೋದ ಚಪಾತಿ.
ಭಾಜಿ ಅಷ್ಟ ತಿಂದು ಚಪಾತಿ ಸಂದಿಗೆ ತುರುಕಾಕಿ
ಯಾರಂತ ನನಗ ಗೊತ್ತದ, ಗಾರ್ಗಿ ಪಾಂಗಾರಕರ್.
ಅವರವ್ವಗ ನಾ ಹೇಳಿಲ್ಲ.
ಭೂಗೋಲದ ವಹಿಯ ಒಂದು ಹಾಳಿ, ಅದರಾಗ ನದಿಗಳು.
ಭೀಮೆಗೆ ನೀಲಿ ಸಾಲದ ಅರ್ಧಕ್ಕ ನಿಂತದ.
ಬಣ್ಣ ನಿಂತಲ್ಲಿಂದ ಎರಡ ಬೆರಳ ಮುಂದ
ನನ್ನ ತವರು.

ಹುಡುಗರ ಕಸ ಹಗುರ. ನಮ್ಮದಾ ಭಾರ.
ಹಿಂದಿನ ಡಿಕ್ಕಿ ತುಂಬ ‘ಇರಲಿ ಬಿಡು’ ಅಂತ ಇಟ್ಟದ್ದು:
ಎರಡು ಸ್ಟೋವು, ಎರಡೂ ಹತ್ತೂದಿಲ್ಲ.
ಮೂರು ಛತ್ರಿ, ಮೇ ತಿಂಗಳಿಗೆ!
ಗಾಳಿ ತುಂಬೋ ಗಾದಿ, ಹರಿಹರೇಶ್ವರದಾಗ ನಡುರಾತ್ರಿ
ಸುಸ್ಸ್ ಅಂತ ಇಬ್ಬರನ್ನೂ ನೆಲಕ್ಕ ಇಳಿಸಿದ್ದು.
ಹಗ್ಗ, ಹಗ್ಗ, ಮತ್ತ ಹಗ್ಗ,
ಯಾವ ಆನಿ ಕಟ್ಟಾಂವ ಇದ್ದನೋ ಈ ಮಾರಾಯ.
ನೀಲಿ ಡಬ್ಬಿಯೊಳಗ ಉಸುಕು.
ಯಾವ ದಂಡೀದು, ಇಬ್ಬರಿಗೂ ನೆನಪಿಲ್ಲ.
ಹೆಸರು ಬರದಿಡಬೇಕಿತ್ತು ಅಂದ.
ನಾ ತುಳಸಿಯ ಬುಡಕ್ಕ ಸುರುವಿದೆ.

‘ಬೇಕಾಗತದ’ ಅಂತಾನ ಅವ.
‘ಬೇಕಾದಾಗ ಸಿಗೂದಿಲ್ಲ’ ಅಂತೀನಿ ನಾ.
ಏಳು ವರ್ಷದಿಂದ ಇದೇ ಜಗಳ,
ಉಪ್ಪಿನಕಾಯಿ ಹಾಕಿದಾಂಗ, ಕಾಲಕ್ಕ ಸರಿಯಾಗಿ.

ಭಂಗಾರದ ಇಸ್ಮಾಯಿಲ್ ಬಂದ, ತಕ್ಕಡಿ ಎತ್ತಿ
ಒಂದು ಕಣ್ಣು ಮುಚ್ಚಿ ನಮ್ಮ ಏಳು ಬ್ಯಾಸಗಿ ತೂಗಿದ.
ಹನ್ನೊಂದೂವರೆ ಕಿಲೋ. ನೂರಾ ತೊಂಬತ್ತು ರೂಪಾಯಿ.
ನಾ ರೊಕ್ಕ ಎಣಿಸಿ ತಲಿ ಎತ್ತೂದ್ರಾಗ
ಇವ ಅವನ ಚೀಲದಾಗ ಕೈ ಹಾಕ್ಯಾನ,
ಹೊರಗ ತೆಗದ: ಒಂದು ಸ್ಟೋವು.
‘ಇದಕ್ಕೆಷ್ಟು?’
‘ನಲವತ್ತು, ಮಲ್ಕಾರಿ ಶೇಠ್.’
ಕೊಟ್ಟಾ ಬಿಟ್ಟ! ಹತ್ತದ ಸ್ಟೋವು,
ಈಗಷ್ಟ ಹದಿನೆಂಟಕ್ಕ ಮಾರಿದ್ದು.
ನಾ ಏನೂ ಅನಲಿಲ್ಲ.
ಜಂಪರಿನೊಳಗ ಭೀಮಾ ನದಿ
ಆಗಲೇ ಮಡಚಿ ಇಟಗೊಂಡಿದ್ದೆ.

ನಳಕ್ಕ ನೀರು ಹತ್ತಕ್ಕ. ಪೈಪು ಹಚ್ಚಿದರ
ಸೆಕ್ರೆಟರಿ ದೇವಸ್ಥಳಿ ಬಾಲ್ಕನಿಯಾಗ ನಿಂತು ಕೆಮ್ಮತಾರ.
ಎರಡ ಬಕೀಟು, ಅಷ್ಟ.
ಮೊದಲನೇದು ಕರೀ, ಎರಡನೇದು ಚಹಾದ ಬಣ್ಣ.
ಮೂರನೇದಕ್ಕ ಅವರು ಊಟಕ್ಕ ಕೂಡೂ ತನಕ ಕಾದೆ.

ರಾತ್ರಿ ಹಲಗಿ ಗಟ್ಟಿ ಅದನೋ ನೋಡಾಕ ಒಳಗ ಮಲಗಿದಿವಿ.
ಖಾಲಿ ಗಾಡಿಯೊಳಗ ನನ್ನ ಬಳಿ ಸಪ್ಪಳ
ಬ್ಯಾರೆ ಯಾರದೋ ಬಳೀ ಹಾಂಗ ಕೇಳಿತು.
ಅವ ಮಗ್ಗಲಾದ, ಹಳೇ ಸ್ಪ್ರಿಂಗು ಒಂಚೂರು ತೂಗಿತು,
ಏನೋ ಹಿಂದಿಂದ ಮುಂದಕ
ಗುರುಗುರು ಉರುಳಿ, ಟಕ್ ಅಂತ ನಿಂತಿತು.

ಗೋಲಿ.

ಬ್ಯಾಟರಿ ಹಿಡದು, ಹಲಗಿ ಎತ್ತಿ, ಮ್ಯಾಟು ಸರಿಸಿ
ಅಂಗಾತ ಬಿದ್ದು ಹುಡುಕಿದ. ಸಿಗಲಿಲ್ಲ.
‘ನಾಳೆ ತಳದ ತಗಡ ಬಿಚ್ಚತೀನಿ’ ಅಂದ.
‘ಬ್ಯಾಡ, ಮಲಕೋ’ ಅಂದೆ.
ತಾಮ್ಹಿಣಿಗೆ ತಿರುವು ಎಷ್ಟಂತ
ನಾವು ಒಮ್ಮೆಯೂ ಎಣಿಸಿಲ್ಲ.
ಅದಾ ಎಣಿಸಲಿ.