ಒಂದು ಸೋಲ್

ಎರಡು ವರ್ಷದಿಂದ ನನಗಿದು ಗೊತ್ತು:
ಹದಿನೇಳನೇ ಸಾಲು, ನಾಲ್ಕನೇ ಕಾಲಂ.
ಗುಡ್ಡದ ಮೇಲಿನ ಸಮುದಾಯದ ಅಡುಗೆಮನೆ,
ದಿನಕ್ಕೆ ತಟ್ಟೆ ನೂರ ನಲವತ್ತು.
ಅಕ್ಕಿ, ಎಣ್ಣೆ, ಬಟಾಣಿ ಕೂಡಿಸಿ
ತಿಂಗಳ ಕೊನೆಗೆ ಕೆಳಗೆರಡು ಗೆರೆ ಎಳೆಯುತ್ತಿದ್ದೆ,
ಕಡಲ ಕಡೆಗೆ ಕಿಟಕಿಯಿರುವ ಕಚೇರಿಯಲ್ಲಿ ಕೂತು.

ಇವತ್ತು ಬಂದಿದ್ದೇನೆ. ಲಿಮಾದ ಜುಲೈ.
ಬಸ್ಸು ಕೈಬಿಟ್ಟ ಮೇಲೆ ಮೂರು ಚಕ್ರದ ಗಾಡಿ,
ಅದೂ ಕೈಬಿಟ್ಟ ಮೇಲೆ ಮೆಟ್ಟಿಲು.
ಎಣಿಸತೊಡಗಿದೆ, ಚಾಳಿ. ಇನ್ನೂರ ಹನ್ನೆರಡಕ್ಕೆ
ಏದುಸಿರು ಬಂದು ಲೆಕ್ಕ ತಪ್ಪಿತು.
ಮಳೆಯಲ್ಲ, ಮಂಜೂ ಅಲ್ಲ, ನಡುವಿನದೇನೋ
ರೆಪ್ಪೆಯ ಮೇಲೆ ಬಂದು ಕೂರುತ್ತದೆ.
ಪಕ್ಕದಲ್ಲೇ ನೀಲಿ ಪೀಪಾಯಿಗಳು,
ಒಂದೊಂದರ ಮೇಲೂ ಒಂದೊಂದು ಮನೆಯ ಹೆಸರು,
ಟ್ಯಾಂಕರಿಗಾಗಿ ಕಾದು ನಿಂತಿವೆ.
ಇಷ್ಟು ಒದ್ದೆ ಗಾಳಿ,
ಕುಡಿಯಲು ಒಂದು ಲೋಟ ಇಲ್ಲ.

ಕುತ್ತಿಗೆಗೆ ಗುರುತಿನ ಚೀಟಿ, ಬೆನ್ನ ಮೇಲೆ ಸಂಸ್ಥೆಯ ಹೆಸರು,
ಚೀಲದಲ್ಲಿ ಕ್ಯಾಮೆರಾ. 'ಊಟ ಕಾಣಲಿ, ನಗು ಇರಲಿ' ಎಂದಿದ್ದರು.
ಬಾಯಲ್ಲಿ, ಬಸ್ಸಿನುದ್ದಕ್ಕೂ ಹೊಸೆದಿಟ್ಟ ನಾಲ್ಕು ಮಾತು.

ಸಾತುರ್ನಿನಾ, ತಗಡಿನ ಬಾಗಿಲಿಗೆ ಒರಗಿ,
ನಾಲ್ಕರಲ್ಲಿ ಒಂದನ್ನು ಕೇಳಿದಳು.
ನನ್ನ ಕೈ ನೋಡಿದಳು.
'ಸಿಪ್ಪೆ ತೆಗೆಯೋಕೆ ಬರುತ್ತಾ?'

ಆಲೂಗಡ್ಡೆ ಮೂಟೆ. ಹಿಡಿಗೆ ಬಟ್ಟೆ ಸುತ್ತಿದ ಚಾಕು.
ಒಂಬತ್ತು ಹೆಂಗಸರು ಒಂದೇ ಬೆಂಚಿನಲ್ಲಿ
ಸರಿದು ಜಾಗ ಮಾಡಿದರು.
ಅವರ ಚಾಕುವಿನಡಿ ಸಿಪ್ಪೆ
ದಾರದ ಹಾಗೆ ಕಡಿಯದೆ ಇಳಿಯುತ್ತಿತ್ತು,
ನನ್ನದು ದಪ್ಪ ದಪ್ಪ, ಪಟ ಪಟ ಬೀಳುತ್ತಿತ್ತು.
ನಡುನಡುವೆ ಕೆಚುವಾದಲ್ಲಿ ಏನೋ ಅಂದು ನಕ್ಕರು.
ನನ್ನ ಬಗ್ಗೆಯೇ ಇರಬೇಕು. ನಾನೂ ನಕ್ಕೆ.
'ಮದುವೆ?'
'ಇಲ್ಲ.'
'ಒಳ್ಳೇದಾಯ್ತು' ಎಂದಳೊಬ್ಬಳು. ಮತ್ತೆ ನಗು.

ತುದಿಯಲ್ಲಿದ್ದ ಮುದುಕಿ ಬೆನಿತಾ ಮಾತ್ರ
ಬಗ್ಗಿ, ನನ್ನ ಕಾಲ ಬಳಿಯ ಸಿಪ್ಪೆಯನ್ನೆಲ್ಲ
ಆಯ್ದು ಮಡಿಲಿಗೆ ಹಾಕಿಕೊಂಡು
ಒಂದೊಂದನ್ನೇ
ಮತ್ತೆ ಹೆರೆಯತೊಡಗಿದಳು.
ಕಂದು ಬೇರೆ, ಬಿಳಿ ಬೇರೆ.
ಬಿಳಿಯದು ಒಂದು ಬಟ್ಟಲಾಯಿತು.
ತಲೆಯೆತ್ತಿ ನನ್ನನ್ನು ನೋಡಲೂ ಇಲ್ಲ,
ಹಂಡೆಗೆ ಸುರಿದಳು.

ಆ ಬಟ್ಟಲು ಯಾವ ಕಾಲಮ್ಮಿನದು?

'ಫೋಟೋ ತೆಗೀತೀಯಂತೆ' ಎಂದಳು ಸಾತುರ್ನಿನಾ,
'ಇದನ್ನು ತೆಗಿ, ಅವರಿಗೆ ತೋರಿಸು.'
ಇನ್ನೊಂದು ಹಂಡೆಯನ್ನು ಬೋರಲು ಹಾಕಿದಳು.
ತಳದಲ್ಲಿ ಬೆಸುಗೆಯ ಮೇಲೆ ಬೆಸುಗೆ,
ಅದರ ನಡುವೆಯೂ ಬೆಳಕು ಬರುವಷ್ಟು ತೂತು.
ತೆಗೆದೆ. ಯಾರೂ ನಗದ ಫೋಟೋ.

ಮಧ್ಯಾಹ್ನಕ್ಕೆ ಬಂದರು: ಮುಚ್ಚಳದ ಡಬ್ಬಿ ಹಿಡಿದ ಮಕ್ಕಳು,
ರಾತ್ರಿ ಪಾಳಿ ಮುಗಿಸಿದ ಕಾವಲುಗಾರರು,
ಐದು ಮನೆಯ ಪಾತ್ರೆ ಹೊತ್ತ ಒಬ್ಬ ಹುಡುಗ.
ನಾನು ಎಣಿಸಿದೆ, ಮತ್ತೆ ಚಾಳಿ.
ನೂರ ನಲವತ್ತಾಯಿತು. ಸಾಲು ಮುಗಿದಿರಲಿಲ್ಲ.
ಸಾತುರ್ನಿನಾ ಒಂದು ಚೊಂಬು ಬಿಸಿನೀರು ಹೊಯ್ದು
ಸೌಟಿನಿಂದ ತಳ ಮುಟ್ಟಿ ತಿರುವಿದಳು.
ನೂರ ಅರವತ್ತಕ್ಕೆ ಇನ್ನೊಂದು ಚೊಂಬು.
ಆಮೇಲೆ ಎಣಿಸುವುದನ್ನು ಬಿಟ್ಟೆ.

ಕೊನೆಯಲ್ಲಿ ಒಂದು ತಟ್ಟೆ ನನ್ನೆದುರಿಗೂ ಬಂತು.
'ಒಂದು ಸೋಲ್' ಎಂದಳು,
ಎಲ್ಲರಿಗೂ ಅಂದ ಅದೇ ದನಿಯಲ್ಲಿ.
ಚೀಲ ತಡಕಿದೆ: ನೂರರ ನೋಟು, ಬ್ಯಾಂಕಿನ ಕಾರ್ಡು.
ಬೆಂಚಿಗೆ ಬೆಂಚೇ ನಕ್ಕಿತು. ಬೆನಿತಾ ಕೂಡ.
ನೂರಕ್ಕೆ ಚಿಲ್ಲರೆ ಇಡೀ ಗುಡ್ಡದಲ್ಲಿಲ್ಲ.

ಮೊಳೆಗೆ ನೇತು ಹಾಕಿದ್ದ ನೋಟುಬುಕ್ಕು ಇಳಿಸಿದಳು,
ರಟ್ಟಿನ ಮೇಲೆ ಹಲ್ಲು ಕಿಸಿದ ಡೈನೊಸಾರ್.
'ಹೆಸರು?'
'ಫಿಯೊರೆಲ್ಲಾ.'
'ಲ ಒಂದೋ, ಎರಡೋ?'
'ಎರಡು.'
ಒಂದೇ ಬರೆದಳು.
ಒಂದು ಸೋಲ್ ಸಾಲ.

ಸಾರು ತೆಳ್ಳಗಿತ್ತು, ಬಿಸಿಯಿತ್ತು.
ನಡುವೆ ಒಂದು ಬಿಳಿ ಚೂರು ನಾಲಿಗೆಗೆ ಸಿಕ್ಕಿತು,
ಉಗುರಿನಷ್ಟು ತೆಳು. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡೆ.

ಇಳಿಯುವಾಗ ಕೆಳಗೆ ಊರಿಗೆ ಊರೇ ಬೂದಿ.
ಮೇ ತಿಂಗಳಿಂದ ಸೂರ್ಯ ಸರಿಯಾಗಿ ಮುಖ ತೋರಿಸಿಲ್ಲ,
ನಾಣ್ಯಕ್ಕಿಟ್ಟಿರುವುದು ಅವನದೇ ಹೆಸರು.
ಗುರುವಾರ ಮತ್ತೆ ಹತ್ತಬೇಕು.
ಅಷ್ಟರೊಳಗೆ ಚಿಲ್ಲರೆ ಮಾಡಿಸಬೇಕು.